ಮಗ್ಗ ನಿಂತರೆ ಬಾಗಿಲಿಗೆ ಬರಬೇಕು

ಹರ್ಷಿತಾ, ಮನೋಜ, ನೀವಿಬ್ಬರೂ ಮೊನ್ನೆ ನನ್ನ ಟ್ರಂಕಿನಿಂದ ತೆಗೆದು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟಿರಲ್ಲ, ಅದು ದೋಣಿಯಲ್ಲ. ಅದಕ್ಕೆ ಲಾಳಿ ಅನ್ನುತ್ತಾರೆ. ಸೀರೆ ನೇಯುವಾಗ ಅಡ್ಡ ಎಳೆಯನ್ನು ಈ ಕಡೆಯಿಂದ ಆ ಕಡೆಗೆ ಒಯ್ಯುವುದು ಅದೇ. ಅದರ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಇತ್ತು, ಮಾವಿನ ಚಿಗುರಿನ ಬಣ್ಣದ್ದು. ನಾನು ಓಡಿಬಂದು ಕಿತ್ತುಕೊಂಡಾಗ ಮನೋಜ ಅತ್ತ. ಸೆರಗಿನಿಂದ ಒರೆಸಿ ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ಮಗ್ಗದ ಎಣ್ಣೆಯ ವಾಸನೆ, ಗಂಜಿಯ ವಾಸನೆ, ರೇಷ್ಮೆಯ ವಾಸನೆ ಹಾಗೇ ಇದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಕರೆಂಟ್ ಹೋದ ಕೂಡಲೇ ಅಜ್ಜಿ ಯಾಕೆ ಬಾಗಿಲಿಗೆ ಓಡುತ್ತಾರೆ ಅಂತ ನೀವು ನಗುತ್ತೀರಿ. ಎರಡಕ್ಕೂ ಉತ್ತರ ಒಂದೇ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ರಾಜಘಟ್ಟದ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ಕೇಳಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ನಿಲ್ಲುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ.

ಲಾಳಿ ನನ್ನದಲ್ಲ. ಮೂಲೆಮನೆ ಅಕ್ಕನದು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ. ಎಲ್ಲವೂ ಕರೆಂಟಿನಲ್ಲಿ ಓಡುವ ಮಗ್ಗಗಳು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಒಲೆ, ನಡುವೆ ಉಳಿದ ಜಾಗದಲ್ಲಿ ನಮ್ಮ ಸಂಸಾರ. ಬೆಳಿಗ್ಗೆ ಹಿಡಿದ ಸದ್ದು ಕತ್ತಲಾಗುವವರೆಗೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತವರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳಬೇಕು. ಆ ಸದ್ದಿನಲ್ಲೇ ಹುಟ್ಟಿದ ಕೂಸುಗಳು ಸದ್ದಿದ್ದಾಗ ಮಲಗಿ, ಮಗ್ಗ ನಿಂತಾಗ ಎದ್ದು ಅಳುತ್ತಿದ್ದವು. ಬೇಸಾಯದ ಮನೆಯಿಂದ ಮದುವೆಯಾಗಿ ಬಂದ ನನಗೆ ಮೊದಲ ದಿನಗಳಲ್ಲಿ ತಲೆ ಸಿಡಿಯುತ್ತಿತ್ತು. ಆಗ ಅಕ್ಕ ಬಂದು ನನ್ನ ಕಿವಿಗೆ ಹತ್ತಿ ಇಟ್ಟಳು. ಹರಿದ ಎಳೆಯನ್ನು ಗಂಟು ಕಾಣದ ಹಾಗೆ ಕಟ್ಟುವುದನ್ನು ಕಲಿಸಿದಳು. ನಾಲ್ಕು ಜನ ಸೇರಿದಲ್ಲಿ ನಾನು ಗೋಡೆಗೆ ಒರಗುವುದನ್ನು ನೋಡಿ ಒಂದು ದಿನ ಅಂದಳು, "ನೀನು ಸುಮ್ನಿರಮ್ಮಿ. ನಿನ್ ಪಾಲಿನ ಮಾತೂ ನಾನೇ ಆಡ್ತೀನಿ."

ಹಾಗೇ ಆಡಿದಳು. ನೀರಿನ ಟ್ಯಾಂಕರಿನವನ ಹತ್ತಿರ, ಸೀರೆ ಕೊಳ್ಳುವ ಸಾಹುಕಾರರ ಹತ್ತಿರ, ಎಲ್ಲ ಕಡೆ. ನಿಮ್ಮ ತಾತ ಹೋದ ಮೇಲೆ ನಮ್ಮ ಮಗ್ಗ ನಿಂತಿತ್ತು. ಕಾರ್ಯವೆಲ್ಲ ಮುಗಿದ ಮರುದಿನ ಅಕ್ಕ ನೇರ ಒಳಗೆ ಬಂದು ಸ್ವಿಚ್ ಹಾಕಿದಳು. "ನಿಲ್ಲಿಸ್ಬೇಡ. ಸದ್ದಿದ್ರೆ ಮನೇಲಿ ಜನ ಇದ್ದಂಗೆ," ಅಂದಳು. ಆ ಸದ್ದನ್ನೇ ಅವಳು ಆಮೇಲೆ ಎಷ್ಟು ಶಪಿಸಿದಳೋ...

ಅಕ್ಕನ ಅತ್ತೆಗೆ ತುಂಬ ವಯಸ್ಸಾಗಿತ್ತು. ಕಿವಿಯಲ್ಲಿ ಕೆಂಪಿನ ಓಲೆ. ಸಂಜೆಯಾದರೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುವುದು, ಹೋಗಿ ಬರುವವರನ್ನು ಮಾತಾಡಿಸುವುದು ಅವರ ಕೆಲಸ. ಆ ದಿನಗಳಲ್ಲಿ ಊರಿನ ಸುತ್ತ ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋಗುವವರ ಸುದ್ದಿ ಹೆಚ್ಚಾಗಿತ್ತು. ಒಂದು ಸಂಜೆ ನಮ್ಮ ಬೀದಿಗೇ ಬಂದರು. ಮುದುಕಿಯ ಓಲೆಗೆ ಕೈ ಹಾಕಿ ಎಳೆದರು. ಓಲೆಯ ಜೊತೆ ಕಿವಿಯ ಹಾಲೆಯೂ ಹರಿಯಿತು. ಅವರು ಸೊಸೆಯ ಹೆಸರು ಹಿಡಿದು ಕೂಗಿದ್ದಾರೆ. ಗೋಡೆಯ ಆಚೆ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ, ಅಕ್ಕ ಮಗ್ಗದ ಮುಂದೆ ನಿಂತಿದ್ದಳು. ಕೇಳಿಸಲಿಲ್ಲ. ಕಂಡಿಕೆ ಮುಗಿದು ಹೊಸದು ತರಲು ಹೊರಗೆ ಬಂದಾಗ ನೋಡಿದಳು. ಮೊರದಲ್ಲಿದ್ದ ಅವರೆಕಾಳೆಲ್ಲ ಕೆಂಪಾಗಿತ್ತು. ಕೂಗಿ ಕೂಗಿ ಮುದುಕಿಯ ದನಿಯೇ ಹೋಗಿತ್ತು.

ಪೊಲೀಸರಿಗೆ ದೂರು ಕೊಟ್ಟರು. ಅವರು ಬಂದು ನೋಡಿ ಬರೆದುಕೊಂಡು ಹೋದರು. ಕಿವಿಗೆ ಹೊಲಿಗೆ ಹಾಕಿಸಿದರು. ಆದರೆ ಆಮೇಲೆ ಆ ಮುದುಕಿ ಜಗಲಿಗೆ ಬರಲೇ ಇಲ್ಲ. ಬಾಗಿಲ ಹಿಂದೆ, ತಲೆಗೆ ಟವೆಲು ಬಿಗಿದುಕೊಂಡು ಕೂತಿರುತ್ತಿದ್ದರು. ಯಾರ ನೆರಳು ಬಿದ್ದರೂ "ಬಂದ್ರಾ? ಬಂದ್ರಾ?" ಅನ್ನುತ್ತಿದ್ದರು. ಅನ್ನ ಕಲಸಿ ಬಾಯಿಗೆ ಇಟ್ಟರೂ ಕಣ್ಣು ಬಾಗಿಲ ಕಡೆಗೇ.

ಅಕ್ಕ ಮನೆಮನೆಗೆ ಹೋದಳು. ಹಗಲು ಹೊತ್ತು ಬೀದಿಯಲ್ಲಿ ಒಬ್ಬ ಕಾವಲಿನವನನ್ನು ಇಡೋಣ, ಎಲ್ಲರೂ ಸೇರಿ ಸಂಬಳ ಕೊಡೋಣ ಅಂತ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಸ್ವಿಚ್ ಆರಿಸಿ, "ಒಂದ್ ಮಾತು ಕೇಳಿಸ್ಕಂಡು ಆಮೇಲೆ ನೇಯ್ಕೊಳ್ಳಿ," ಅನ್ನುತ್ತಿದ್ದಳು. ಕೊನೆಗೆ ಒಂದು ಭಾನುವಾರ ಸಂಜೆ ಗುಡಿಯ ಮುಂದೆ ಎಲ್ಲರೂ ಸೇರಿದರು. ನಾನೂ ಹೋಗಿದ್ದೆ. ಹೆಂಗಸರ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ.

ದೊಡ್ಡ ಶೆಡ್ಡಿನ ಯಜಮಾನರು ಮೊದಲು ಮಾತಾಡಿದರು. ಬೀದಿಯಲ್ಲಿ ಹೆಚ್ಚು ಮಗ್ಗ ಇದ್ದದ್ದು ಅವರಿಗೆ. "ನಮ್ ಬೀದಿಗೆ ಎರಡು ಬಾಯಿ ಐತೆ ಕಣಮ್ಮ. ಅವನು ಈ ತುದೀಲಿ ಕೂತಿದ್ರೆ ಕಳ್ಳ ಆ ತುದೀಲಿ ಬರ್ತಾನೆ. ಎಷ್ಟು ಜನನ್ನ ಅಂತ ಇಡೋದು?"

ದಿನಸಿ ಅಂಗಡಿಯವರು ತಲೆ ಅಲ್ಲಾಡಿಸಿದರು. "ಅವನು ಯಾರೋ ಏನೋ. ಯಾವ ಮನೇಲಿ ಎಷ್ಟು ರೇಷ್ಮೆ ಐತೆ ಅಂತ ತಿಳ್ಕೊಳ್ಳೋಕೆ ನಾವೇ ಸಂಬಳ ಕೊಟ್ಟು ಕೂರ್ಸಿದಂಗಾಯ್ತದೆ."

ಎಲ್ಲರೂ ನಕ್ಕರು. ಕಾಲೇಜಿಗೆ ಹೋಗುವ ಒಬ್ಬ, "ಕ್ಯಾಮೆರಾ ಹಾಕ್ಸಣ ಗುರು, ಮುಗೀತು," ಅಂದ.

"ಕ್ಯಾಮೆರಾ ಕಂಬದಿಂದ ಇಳಿದು ಬಂದು ಹಿಡ್ಕಂತದೇನಪ್ಪಾ?" ಅಂದರು ಯಜಮಾನರು. ಮತ್ತೆ ನಗು.

ಹಿಂದಿನಿಂದ ಯಾರೋ, "ಹೆಂಗಸ್ರು ಚಿನ್ನ ಬಿಚ್ಚಿಟ್ಬಿಟ್ರೆ ಯಾವ ತಾಪತ್ರಯಾನೂ ಇಲ್ಲ," ಅಂದರು.

ಅಕ್ಕ ಅವರ ಕಡೆ ತಿರುಗಿದಳು. "ನಮ್ಮತ್ತೆ ಕಿವೀನೂ ಬಿಚ್ಚಿಟ್ಟು ಕೂತ್ಕೋಬೇಕಾಗಿತ್ತಾ ಅಣ್ಣ?" ಅಂದಳು. ನಗು ನಿಂತಿತು. "ಗಂಟಲು ಹರ್ಕೊಂಡ್ರೂ ಕೇಳಿಸದ ಬೀದಿ ಇದು. ನಾವೆಲ್ಲ ಮಗ್ಗದ ಎಳೆ ಮೇಲೆ ಕಣ್ಣಿಟ್ಕೊಂಡು ನಿಂತಿರ್ತೀವಿ. ಬೀದಿ ಮೇಲೆ ಕಣ್ಣಿಡೋಕೆ ಒಬ್ಬ ಬೇಕು ಅಂತಿದೀನಿ, ಅಷ್ಟೇ. ಬೇಕಾದ್ರೆ ನಮ್ಮನೆಯಿಂದ ಎರಡು ಪಾಲು ಕೊಡ್ತೀನಿ. ಕೈ ಮುಗೀತೀನಿ." ನಿಜವಾಗಿಯೂ ಕೈ ಮುಗಿದಳು. ಅವಳು ಯಾರಿಗೂ ಕೈ ಮುಗಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಯಜಮಾನರಿಗೂ ಪಾಪ ಅನ್ನಿಸಿರಬೇಕು. ಒಂದು ಉಪಾಯ ಹೇಳಿದರು. ಅಕ್ಕನ ಮನೆಯ ಗೋಡೆಯ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಕಂಬ ಇತ್ತು. ಅದರ ಪೆಟ್ಟಿಗೆಯಲ್ಲಿ ಒಂದು ಹಿಡಿ. ಅದನ್ನು ಕೆಳಗೆ ಎಳೆದರೆ ಇಡೀ ಬೀದಿಗೆ ಕರೆಂಟ್ ಹೋಗುತ್ತಿತ್ತು. ಒಮ್ಮೆ ಗಾಳಿಗೆ ತಂತಿ ಹರಿದು ಬಿದ್ದಾಗ, ಇನ್ನು ಮೇಲೆ ಹೀಗಾದರೆ ಮೊದಲು ಇದನ್ನು ಎಳೆಯಿರಿ ಅಂತ ಲೈನ್‌ಮ್ಯಾನ್ ಮೂಲೆಮನೆಯವರಿಗೆ ತೋರಿಸಿಕೊಟ್ಟಿದ್ದ.

"ಕೂಗಿದ್ರೆ ಕೇಳಲ್ಲ, ಒಪ್ತೀನಿ. ಆದ್ರೆ ಮಗ್ಗ ನಿಂತ್ರೆ ಕಿವುಡನಿಗೂ ಗೊತ್ತಾಗ್ತದೆ," ಅಂದರು ಯಜಮಾನರು. "ಏನಾದ್ರೂ ಆದ್ರೆ ಓಡೋಗಿ ಹಿಡಿ ಎಳೀರಿ. ಮಗ್ಗ ನಿಂತ ತಕ್ಷಣ ಎಲ್ಲರೂ ಬಾಗಿಲಿಗೆ ಬರಬೇಕು. ಬೀದಿ ತುಂಬ ಜನ ನಿಂತ್ರೆ ಯಾವ ಕಳ್ಳ ದಾಟ್ತಾನೆ?"

ಎಲ್ಲರ ಮುಖವೂ ಅರಳಿತು. ಖರ್ಚಿಲ್ಲ, ಹೊರಗಿನವನಿಲ್ಲ. ಅಕ್ಕ ಒಬ್ಬಳೇ ಕೇಳಿದಳು, "ಕರೆಂಟು ತಾನಾಗೇ ಹೋದ್ರೆ?"

"ಆಗ್ಲೂ ಬನ್ನಿ. ಕಳ್ಳ ಇಲ್ದಿದ್ರೆ ಒಳಗೋಗಿ. ಗಂಟೇನು ಹೋಗ್ತದೆ?"

ಮೊದಮೊದಲು ಹಾಗೇ ನಡೆಯಿತು. ಮೊದಲ ಸಲ ಕರೆಂಟ್ ಹೋದಾಗ ನೀವು ನೋಡಬೇಕಿತ್ತು. ಅಂಗಡಿಯವರು ತಕ್ಕಡಿಯ ಕೋಲು ಹಿಡಿದು ಬಂದರು. ಯಜಮಾನರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದು ನಿಂತರು. ಒಬ್ಬಳ ಕೈಯಲ್ಲಿ ಮುದ್ದೆ ಕೋಲು, ಅದರ ತುದಿಯಲ್ಲಿ ಇನ್ನೂ ಬಿಸಿ ಹಿಟ್ಟು. "ಎಲ್ಲವನೆ ಕಳ್ಳ?" ಅಂತ ಒಬ್ಬ ಕೇಳಿದ. "ಕರೆಂಟ್ ಆಫೀಸಲ್ಲವನೆ ಕಣ್ಲಾ, ಹೋಗಿ ಹಿಡಿ." ಬೀದಿಯೆಲ್ಲ ನಗು. ಅಕ್ಕನೂ ನಕ್ಕಳು. ಬಾಗಿಲು ಬಾಗಿಲಲ್ಲಿ ನಿಂತ ಮುಖಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಒಳಗೆ ಹೋಗಿ ಅತ್ತೆಗೆ, "ಎಲ್ರೂ ಬಂದವ್ರೆ ಕಣತ್ತೆ, ಹೆದರ್ಬೇಡಿ," ಅಂದಳು. ಮುದುಕಿ ಆ ದಿನ ಹೊಸ್ತಿಲವರೆಗೆ ಬಂದು ಇಣುಕಿದರು.

ಬೇಸಿಗೆ ಬಂತು. ಕರೆಂಟ್ ಹೇಳದೆ ಕೇಳದೆ ಹೋಗಿ ಬರತೊಡಗಿತು. ಪ್ರತಿ ಸಲ ಎದ್ದು ಬರುವುದು ಯಾರಿಗೆ ಆಗುತ್ತದೆ... ಮೊದಲು ಗಂಡಸರು ಬಿಟ್ಟರು. ಆಮೇಲೆ ಬಾಗಿಲಿಗೆ ಬರುವ ಬದಲು ಕಿಟಕಿಯಲ್ಲಿ ಇಣುಕಿದರು. ಆಮೇಲೆ ಅದೂ ಇಲ್ಲ. ಮಗ್ಗ ನಿಂತರೆ ಬೆನ್ನು ನೆಟ್ಟಗೆ ಮಾಡಿಕೊಂಡು ಟೀ ಕುಡಿಯುವ ಹೊತ್ತಾಯಿತು ಅದು. ಕೊನೆಗೆ ಬಾಗಿಲಿಗೆ ಬರುತ್ತಿದ್ದವರು ನಾವಿಬ್ಬರೇ. ಅವಳು ಆ ಮೂಲೆಯಲ್ಲಿ, ನಾನು ಎದುರು ಸಾಲಿನಲ್ಲಿ. ಬೀದಿಯ ಉದ್ದಕ್ಕೂ ಮುಚ್ಚಿದ ಬಾಗಿಲುಗಳನ್ನು ನೋಡಿ ಅಕ್ಕ ನನ್ನ ಕಡೆಗೆ ಕೈ ತಿರುಗಿಸಿ ತೋರಿಸುತ್ತಿದ್ದಳು, ನೋಡಿದೆಯಾ ಅನ್ನುವ ಹಾಗೆ.

ಮತ್ತೆ ಮನೆಮನೆಗೆ ಹೋದಳು. ಯಜಮಾನರ ಶೆಡ್ಡಿನ ಮುಂದೆ ಎಷ್ಟೋ ಹೊತ್ತು ನಿಂತಿದ್ದಳು. "ಯಾರೂ ಬರ್ತಿಲ್ಲ ಅಣ್ಣ. ಇನ್ನೊಂದ್ ಸಲ ಸಭೆ ಸೇರ್ಸಿ. ಕಾವಲಿಗೆ ಯಾರನ್ನಾದ್ರೂ ಇಡಣ." "ಹಬ್ಬ ಕಳೀಲಿ ಬಿಡಮ್ಮ, ನೋಡಣ," ಅಂದರು. ಹಬ್ಬ ಕಳೆಯಿತು. ಮದುವೆ ಸೀರೆಗಳ ಕಾಲ ಬಂತು, ಯಾರಿಗೂ ಪುರುಸೊತ್ತಿಲ್ಲ. ಅಕ್ಕ ಮಾತ್ರ ಮಧ್ಯಾಹ್ನದ ಮೇಲೆ ಹೆಂಗಸರು ಮಕ್ಕಳು ಓಡಾಡುವ ಹೊತ್ತಿಗೆ ತನ್ನ ಮಗ್ಗ ಆರಿಸಿ ಬಾಗಿಲಲ್ಲಿ ನಿಲ್ಲತೊಡಗಿದಳು. ಬಾಗಿಲ ಹಿಂದೆ ಮುದುಕಿ, ಬಾಗಿಲಲ್ಲಿ ಅವಳು. ಸೀರೆ ಹೊತ್ತಿಗೆ ಮುಗಿಯುತ್ತಿಲ್ಲ ಅಂತ ಗಂಡ ಬೈದರೂ ಕೇಳಲಿಲ್ಲ. "ಹುಚ್ಚು ಹಿಡಿದೈತೆ ಅಂತಾರೆ ಕಣಮ್ಮಿ ನನಗೆ," ಅಂದಳು ಒಂದು ದಿನ. "ಹಿಡಿದ್ರೆ ಹಿಡೀಲಿ. ಅವತ್ತು ಅತ್ತೆ ಕೂಗಿದ್ದು ನನಗೆ ಕೇಳಿಸ್ಲಿಲ್ವಲ್ಲ, ಈಗ ದಿನಾ ಕೇಳಿಸ್ತದೆ. ಮಗ್ಗ ಓಡ್ತಿದ್ರೂ ಕೇಳಿಸ್ತದೆ."

ಇಲ್ಲಿಂದ ಮುಂದೆ ಬರೆಯುವ ಮೊದಲು ನಿಮ್ಮ ಅಮ್ಮನನ್ನು ಕೇಳಿದೆ. "ಬರೀರಿ ಅತ್ತೆ," ಅಂದಳು.

ನಿಮ್ಮ ಅಮ್ಮ ಆಗ ಮದುವೆಯಾಗಿ ಹೊಸದಾಗಿ ಬಂದವಳು. ಹರ್ಷಿತಾ, ನೀನು ಅವಳ ಹೊಟ್ಟೆಯಲ್ಲಿದ್ದೆ. ಆ ದಿನ ನಿಮ್ಮ ಅಪ್ಪನೂ ಅಕ್ಕನ ಗಂಡನೂ ಹುರಿ ಮಾಡಿಸಿದ ರೇಷ್ಮೆ ತರಲು ಬಸ್ಸಿನಲ್ಲಿ ದೇವನಹಳ್ಳಿ ಕಡೆಯ ವಿಜಯಪುರಕ್ಕೆ ಹೋಗಿದ್ದರು. ನಿಮ್ಮ ಅಮ್ಮ ಡಾಕ್ಟರ ಹತ್ತಿರ ತೋರಿಸಿಕೊಂಡು ಮಧ್ಯಾಹ್ನ ಒಬ್ಬಳೇ ನಡೆದು ಬರುತ್ತಿದ್ದಳು. ಕೊರಳಲ್ಲಿ ತಾಳಿ ಸರ. ನಾನು ಒಳಗೆ ಕಂಡಿಕೆ ಸುತ್ತುತ್ತಿದ್ದೆ.

ಮಗ್ಗಗಳು ನಿಂತವು. ನಾನು ಎದ್ದು ಬಾಗಿಲಿಗೆ ಬಂದೆ.

ಬೀದಿಯ ಆ ತುದಿಯಿಂದ ನಿಮ್ಮ ಅಮ್ಮ ಬರುತ್ತಿದ್ದಳು. ಅವಳ ಹಿಂದೆ ಒಂದು ಬೈಕು, ಇಬ್ಬರು. ಅದೇ ಬೈಕು ಆಗಲೇ ಒಂದು ಸಲ ಬೀದಿ ಸುತ್ತಿ ಹೋಗಿತ್ತಂತೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ನೋಡಿದ್ದಾಳೆ. ಕಂಬಕ್ಕೆ ಓಡಿ ಹಿಡಿ ಎಳೆದಿದ್ದಾಳೆ. ನಾನು ನೋಡುವಾಗ ಅವಳು ಬೀದಿಯ ನಡುವೆ ಓಡುತ್ತಿದ್ದಳು, ಎರಡೂ ಪಕ್ಕದ ಬಾಗಿಲುಗಳ ಕಡೆ ತಿರುಗಿ ತಿರುಗಿ ನೋಡುತ್ತಾ. ಒಂದು ಬಾಗಿಲೂ ತೆರೆಯಲಿಲ್ಲ. ಹಿಂದೆ ಕೂತವನ ಕೈ ನಿಮ್ಮ ಅಮ್ಮನ ಕೊರಳಿಗೆ ಬಿತ್ತು. ಅವಳು ಸರ ಬಿಡದೆ ಹಿಡಿದುಕೊಂಡು ಬೈಕಿನ ಜೊತೆ ಎರಡು ಹೆಜ್ಜೆ ಎಳೆಸಿಕೊಂಡು ಹೋದಳು. ಆಗ ಅಕ್ಕ ಎರಡೂ ಕೈ ಅಗಲ ಮಾಡಿ ಬೈಕಿನ ಮುಂದೆ ನಿಂತುಬಿಟ್ಟಳು.

ಓಡಿಸುತ್ತಿದ್ದವನು ಬೈಕು ತಿರುಗಿಸಲು ನೋಡಿದ. ಆಗಲಿಲ್ಲ. ಹಿಂದೆ ಕೂತವನ ಕೈಯಿಂದ ಸರ ಜಾರಿತು. ನಿಮ್ಮ ಅಮ್ಮ ಗೋಡೆಗೆ ಒರಗಿ ಕುಸಿದು ಕೂತಳು, ಎರಡೂ ಕೈ ಹೊಟ್ಟೆಯ ಮೇಲೆ. ಬೈಕು ಗುದ್ದಿದ ರಭಸಕ್ಕೆ ಅಕ್ಕ ಮೋರಿಯ ಚಪ್ಪಡಿಗೆ ತಲೆ ಬಡಿದು ಬಿದ್ದಳು. ಬೈಕು ಹೋಯಿತು. ಬೀದಿಗೆ ಎರಡು ಬಾಯಿ.

ನಾನು ಓಡಿಹೋಗಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಸೀರೆ ಬೆಚ್ಚಗಾಯಿತು. ಅವಳ ಕಣ್ಣು ತೆರೆದಿತ್ತು.

"ಯಾರೂ ಬರ್ಲಿಲ್ವಾ?" ಅಂದಳು.

"ಬರ್ತಾವ್ರೆ ಕಣಕ್ಕ," ಅಂದೆ.

ಬೀದಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಳಗಿನ ಮಾತುಗಳು ನನಗೆ ಕೇಳಿಸುತ್ತಿದ್ದವು. ಯಾರೋ ಲೋಟ ಇಟ್ಟರು. "ಟೀ ಇಡಮ್ಮಿ, ಹೋಯ್ತು ಕರೆಂಟು." ಎಲ್ಲೋ ಒಂದು ಕೂಸು ಎದ್ದು ಅಳುತ್ತಿತ್ತು. ನಾನು ಕೂಗಬೇಕೆಂದು ಬಾಯಿ ತೆರೆದೆ. ಶಾಲೆಯಲ್ಲಿ ಆದ ಹಾಗೇ ಆಯಿತು. ಅಕ್ಕನ ತಲೆಯನ್ನು ನಿಮ್ಮ ಅಮ್ಮನ ಮಡಿಲಿಗೆ ಕೊಟ್ಟು ಎದ್ದೆ. ಎದುರು ಸಿಕ್ಕ ಬಾಗಿಲಿಗೆ ಎರಡೂ ಕೈಯಿಂದ ಬಡಿದೆ. ಅದರ ಪಕ್ಕದ್ದಕ್ಕೆ ಬಡಿದೆ. ಆಮೇಲೆ ಗಂಟಲು ಹೇಗೆ ಬಿಟ್ಟಿತೋ ಗೊತ್ತಿಲ್ಲ. ಏನು ಕೂಗಿದೆನೋ ಅದೂ ಗೊತ್ತಿಲ್ಲ. ಅಂಗಡಿಯವರು ಬಾಗಿಲು ತೆರೆದು, ಕೈ ಒರೆಸಿಕೊಳ್ಳುತ್ತಾ ಸಮಾಧಾನವಾಗಿ ಅಂದರು, "ಕರೆಂಟಾ ಅಮ್ಮ? ಆಫೀಸಿಗೆ ಫೋನ್ ಮಾಡಿದೀನಿ. ಬರ್ತದೆ." ನಾನು ಅವರ ಕೈ ಹಿಡಿದು ಬೀದಿಗೆ ಎಳೆದೆ. ಆಗ ನೋಡಿದರು. ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟರು.

ಆಮೇಲೆ ಎಲ್ಲರೂ ಬಂದರು. ಬೀದಿ ತುಂಬ ಜನ ನಿಂತರು. ಯಜಮಾನರು ತಾವೇ ಕಾರು ತಂದು, ತಾವೇ ಎತ್ತಿ ಮಲಗಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಓಡಿಸಿದರು. ಅಕ್ಕ ಮತ್ತೆ ಮಾತಾಡಲಿಲ್ಲ. ಮಾರನೆಯ ದಿನ ಅವಳ ದೇಹವನ್ನು ತಂದು ಜಗಲಿಯ ಮೇಲೆ ಮಲಗಿಸಿದರು. ಅವತ್ತು ಯಾರೂ ಮಗ್ಗ ಓಡಿಸಲಿಲ್ಲ. ಕೂಸುಗಳು ಇಡೀ ದಿನ ಅತ್ತವು.

ಕಾರ್ಯ ಮುಗಿದ ಮೇಲೆ ಗುಡಿಯ ಮುಂದೆ ಮತ್ತೆ ಸೇರಿದರು. ಯಾರೂ ವಾದ ಮಾಡಲಿಲ್ಲ. ಬೀದಿಗೆ ಎರಡು ಬಾಯಿ ಅಂತ ಯಾರೂ ಅನ್ನಲಿಲ್ಲ. ಜಡಿಗೇನಹಳ್ಳಿ ಕಡೆಯ ಒಬ್ಬರು ಕಾವಲಿಗೆ ಬಂದರು. ಒಂದು ಕೋಲು, ಒಂದು ಸೀಟಿ. ಬಿಸಿಲು ಬೀಳದ ಜಾಗ ಅಂತ ಅವರ ಕುರ್ಚಿಯನ್ನು ಅಕ್ಕನ ಗೋಡೆಯ ಪಕ್ಕ ಹಾಕಿದರು. ಕಂಬದ ಪೆಟ್ಟಿಗೆಗೆ ಬೀಗ ಬಿತ್ತು. ಬೀದಿಯಲ್ಲಿ ಬೈಕು ಸುಮ್ಮನೆ ನಿಂತರೂ ಅವರು ಎದ್ದು ಹೋಗಿ ವಿಚಾರಿಸುತ್ತಿದ್ದರು. ಅಕ್ಕ ಕೇಳಿದ್ದು ಇಷ್ಟೇ.

ಕೆಲವು ದಿನ ಕಳೆದ ಮೇಲೆ ಮುದುಕಿ ಜಗಲಿಗೆ ಬಂದರು. ಹರಿದ ಕಿವಿಯ ಮೇಲೆ ಟವೆಲು ಇರಲಿಲ್ಲ. ಕಾವಲಿನವರನ್ನು ಸ್ವಲ್ಪ ಹೊತ್ತು ನೋಡಿ, ಅಲ್ಲೇ ಕೂತು ಕಾಲು ಚಾಚಿಕೊಂಡರು. ಸೊಸೆ ಹೋದದ್ದನ್ನು ಅವರಿಗೆ ಎಷ್ಟು ಸಲ ಹೇಳಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲೋ ಸೀರೆ ಕೊಡಲು ಹೋಗಿದ್ದಾಳೆ ಅಂದುಕೊಂಡಿದ್ದರೋ ಏನೋ. ಆಗಾಗ ಕುರ್ಚಿಯ ಕಡೆ ತಿರುಗಿ ಕೇಳುತ್ತಿದ್ದರು, "ಬಂದ್ಲಾ?"

"ಇನ್ನೂ ಇಲ್ಲ ಕಣವ್ವ," ಅನ್ನುತ್ತಿದ್ದರು ಅವರು.

ಅಕ್ಕನ ಗಂಡ ಮಗ್ಗ ಮಾರಿದರು. ಬಿಚ್ಚುವ ದಿನ ಲಾಳಿಯನ್ನು ನನ್ನ ಕೈಗೆ ತಂದು ಕೊಟ್ಟರು. ಅವಳು ಕೊನೆಯ ಸಲ ಮಗ್ಗ ಆರಿಸಿ ಬಾಗಿಲಿಗೆ ಬಂದಾಗ ಅದರಲ್ಲಿ ಉಳಿದಿದ್ದ ನೂಲೇ ನೀವು ನೋಡಿದ್ದು.

ಈಗ ನಾವು ದೇವನಹಳ್ಳಿ ಕಡೆಯ ಈ ಲೇಔಟಿಗೆ ಬಂದು ಎಷ್ಟೋ ವರ್ಷವಾಯಿತು. ಇಲ್ಲಿ ಮಗ್ಗವಿಲ್ಲ. ಸದ್ದೂ ಇಲ್ಲ. ಆದರೂ ಹೋದ ತಿಂಗಳು ಹಿಂದಿನ ರಸ್ತೆಯಲ್ಲಿ ಹಾಲು ತರಲು ಹೋದವಳ ಸರ ಕಿತ್ತರು. ಮೊನ್ನೆ ಭಾನುವಾರ ಪಾರ್ಕಿನಲ್ಲಿ ಸಭೆ ಸೇರಿದ್ದರು, ಸೆಕ್ಯೂರಿಟಿಯವರನ್ನು ಇಡೋಣವೇ ಬೇಡವೇ ಅಂತ. ಯಾರು ಎಷ್ಟು ಕೊಡಬೇಕು, ಖಾಲಿ ಸೈಟಿನವರೂ ಕೊಡಬೇಕೇ, ಬರುವವನು ಎಂಥವನೋ, ಬದಲಿಗೆ ಎಲ್ಲರ ಫೋನಿಗೂ ಮೆಸೇಜು ಹೋಗುವ ಹಾಗೆ ಒಂದು ಗ್ರೂಪ್ ಮಾಡಿದರೆ ಸಾಲದೇ... ಎಲ್ಲರೂ ಒಳ್ಳೆಯವರೇ. ಆ ಬೀದಿಯವರೂ ಒಳ್ಳೆಯವರೇ ಆಗಿದ್ದರು. ಫೋನು ಸದ್ದು ಮಾಡಿದರೆ ಎಲ್ಲರೂ ಬಾಗಿಲಿಗೆ ಬಂದರಾಯಿತು ಅಂತ ಒಬ್ಬರು ಅಂದಾಗ ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. "ಹೇಳಿ ಅಜ್ಜಿ," ಅಂದರು. ಒಂದು ಮಾತೂ ಹೊರಡಲಿಲ್ಲ. ಕೂತೆ. ನನ್ನ ಪಾಲಿನ ಮಾತು ಆಡುವವಳು ಈಗಿಲ್ಲ.

ಬರುವ ಭಾನುವಾರ ಮತ್ತೆ ಸೇರುತ್ತಾರಂತೆ. ಈ ಹಾಳೆಗಳನ್ನು ತೆಗೆದುಕೊಂಡು ಹೋಗುತ್ತೇನೆ. ಅವತ್ತೂ ನನಗೆ ಬಾಯಿ ಬಾರದಿದ್ದರೆ, ಹರ್ಷಿತಾ, ನೀನು ಎದ್ದು ಓದು. ನಿನ್ನ ಗಂಟಲು ದೊಡ್ಡದು, ನೀನು ಯಾರಿಗೂ ಹೆದರುವುದಿಲ್ಲ. ಓದುವಾಗ ನಿನಗೆ ಅಳು ಬಂದರೆ ಮನೋಜನ ಕೈ ಹಿಡಿದುಕೋ.

ಓದಿದ ಮೇಲೆ ತಂದು ಟ್ರಂಕಿನಲ್ಲಿ ಲಾಳಿಯ ಪಕ್ಕ ಇಡಿ. ನೀವು ದೊಡ್ಡವರಾಗಿ ಬೇರೆ ಬೀದಿಗೆ ಹೋದರೆ ಜೊತೆಗೆ ಒಯ್ಯಿರಿ. ನಾನು ಬರೆದಿರುವುದು ಶಾಯಿಯಲ್ಲಿ. ನೀರು ಬಿದ್ದರೆ ಹೋಗುತ್ತದೆ, ಜೋಪಾನ.